ಹಳೇ ಪೇಪರಿನ ಔಷಧ ಜಾಹೀರಾತನ್ನು ಕೆಳಗಿನಿಂದ ಮೇಲಕ್ಕೆ ಓದಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹಳೇ ಮನೆ ಖಾಲಿ ಮಾಡುವಾಗ ಬ್ರಿಟಿಷರ ಕಾಲದ ಪೇಪರು ಎಲ್ಲೆಲ್ಲೋ ಸಿಗುತ್ತದೆ. ಟ್ರಂಕಿನ ತಳಕ್ಕೆ ಹಾಸಿರುತ್ತಾರೆ, ದೇವರ ಫೋಟೋದ ಹಿಂದೆ ಅಂಟಿಸಿರುತ್ತಾರೆ, ಅಂಗಡಿಯ ಕಿರ್ದಿ ಪುಸ್ತಕಕ್ಕೆ ಹೊದಿಕೆ ಮಾಡಿರುತ್ತಾರೆ. ಸುದ್ದಿಯ ಭಾಗ ಹರಿದು ಹೋಗಿದ್ದರೂ ಜಾಹೀರಾತಿನ ಮೂಲೆ ಮಾತ್ರ ಹೇಗೋ ಉಳಿದಿರುತ್ತದೆ. ಉದ್ದ ಜಡೆಯ ಹೆಂಗಸು, ತಲೆಶೂಲೆಯಿಂದ ಹಣೆ ಹಿಡಿದ ಗಂಡಸು, ಗುಂಡಗಿನ ಕೂಸು, ಮೀಸೆ ತಿರುವಿದ ಪೈಲ್ವಾನ. ಎಲ್ಲರೂ ಆ ಚಿತ್ರ ನೋಡಿ ನಗುತ್ತಾರೆ, ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು.

ಆದರೆ ಅದರಲ್ಲಿ ನಿಜವಾದ ಮಾಹಿತಿ ಇರುವುದು ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದ ಸಣ್ಣ ಅಕ್ಷರದಲ್ಲಿ. ವಿಳಾಸ, ಬೆಲೆ, ಟಪಾಲು ಖರ್ಚು, ಏಜೆಂಟರ ಹೆಸರು. ಮೇಲಿನ ದಪ್ಪಕ್ಷರ ಹೇಳುವುದೆಲ್ಲ ಮಾರುವವನ ಆಸೆ. ಕೆಳಗಿನದು ಅವನ ವ್ಯವಹಾರ. ವ್ಯವಹಾರದಲ್ಲಿ ಸುಳ್ಳು ಬರೆದರೆ ಮನಿಆರ್ಡರ್ ಬರುವುದಿಲ್ಲ, ಅಲ್ವಾ? ಅದಕ್ಕೇ ನಾನು ಯಾವಾಗಲೂ ಕೆಳಗಿನಿಂದ ಶುರು ಮಾಡುತ್ತೇನೆ.

ಮೊದಲು ಕತ್ತರಿ ಕೆಳಗಿಡಿ

ಜಾಹೀರಾತನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಬೇಡಿ. ಕತ್ತರಿಸಿದ ಕೂಡಲೇ ಅದರ ಅರ್ಧ ಬೆಲೆ ಹೋಯಿತು. ಇಡೀ ಹಾಳೆಯ ಫೋಟೋ ತೆಗೆಯಿರಿ, ಆಮೇಲೆ ಜಾಹೀರಾತಿನದು, ಆಮೇಲೆ ಹಾಳೆ ತಿರುವಿ ಹಿಂದಿನದು. ಈ ಹಿಂದಿನ ಬದಿಯನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಅಲ್ಲಿ ಹತ್ತಿ ಧಾರಣೆ ಇರಬಹುದು, ಕೋರ್ಟಿನ ನೋಟೀಸು ಇರಬಹುದು, ಪಂಚಾಂಗದ ತುಣುಕು ಇರಬಹುದು. ತಾರೀಖು ಸಿಗುವುದು ಬಹಳ ಸಲ ಅಲ್ಲೇ.

ಹಳೇ ಪೇಪರು ಹಳದಿಯಾಗಿ ಪುಡಿಪುಡಿ ಆಗುವುದಕ್ಕೆ ಅದರೊಳಗಿನ ಆಮ್ಲ ಕಾರಣ. ಮರದ ತಿರುಳಿನ ಅಗ್ಗದ ಕಾಗದ ಅದು. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮಡಿಕೆಯನ್ನು ಒಮ್ಮೆಲೇ ಬಿಡಿಸಬೇಡಿ. ಎರಡು ದಪ್ಪ ಬಿಳಿ ಹಾಳೆಯ ನಡುವೆ ಸಪಾಟಾಗಿ ಇಟ್ಟು, ಬಿಸಿಲು ಬೀಳದ ಕಡೆ ಇಡಿ. ಫೋಟೋಕ್ಕೆ ಫ್ಲ್ಯಾಷ್ ಬೇಡ, ಕಿಡಕಿ ಪಕ್ಕದ ಬೆಳಕು ಸಾಕು. ಎಲ್ಲಿ ಸಿಕ್ಕಿತು, ಯಾರ ಮನೆಯದು, ಯಾವುದಕ್ಕೆ ಹಚ್ಚಿದ್ದರು ಅಂತ ಅವತ್ತೇ ಒಂದು ಚೀಟಿಯಲ್ಲಿ ಬರೆದಿಡಿ.

ವಿಳಾಸದಿಂದ ಕಾಲ ಹಿಡಿಯುವುದು

ನಮ್ಮ ಭಾಗಕ್ಕೆ ಇದೊಂದು ಅನುಕೂಲ. ಇಲ್ಲಿ ಗಡಿಗಳು, ಜಿಲ್ಲೆಗಳು ಅಷ್ಟು ಸಲ ಬದಲಾಗಿವೆ, ವಿಳಾಸದ ಒಂದು ಸಾಲೇ ಕಾಲ ಹೇಳಿಬಿಡುತ್ತದೆ.

ಬಾಗಲಕೋಟೆಯ ವಿಳಾಸದಲ್ಲಿ 'ಜಿ. ಕಲಾದಗಿ' ಅಂತ ಇದ್ದರೆ ಅದು ಬಹಳ ಹಳೆಯದು. 1885ರ ಸುಮಾರಿಗೆ ಜಿಲ್ಲಾ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ ಹೋಯಿತು. 'ಜಿ. ವಿಜಾಪುರ' ಅಂತ ಇದ್ದರೆ ಅದರ ನಂತರದ್ದು, ಆದರೆ ಇದರಿಂದ ಜಾಸ್ತಿ ಲಾಭವಿಲ್ಲ, ಯಾಕೆಂದರೆ ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ. 'ಮುಂಬಯಿ ಇಲಾಖೆ' (ಬಾಂಬೆ ಪ್ರೆಸಿಡೆನ್ಸಿ) ಅಂತ ಇದ್ದರೆ ಏಕೀಕರಣಕ್ಕಿಂತ, ಅಂದರೆ 1956ಕ್ಕಿಂತ ಹಿಂದಿನದು.

ಇನ್ನು ಸಂಸ್ಥಾನಗಳು. ಜಮಖಂಡಿ, ಮುಧೋಳ, ರಾಮದುರ್ಗ ಇವೆಲ್ಲ ರಾಜರ ಕೈಯಲ್ಲಿದ್ದವು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಇವತ್ತು ಬೆಳಗಾವಿಯ ಒಂದು ಭಾಗವೇ ಆಗಿರುವ ಶಹಾಪುರ ಆಗ ಸಾಂಗ್ಲಿ ಸಂಸ್ಥಾನದ್ದು! ಖಡೇಬಜಾರಿನಿಂದ ನಡೆದುಕೊಂಡು ಹೋಗುವಷ್ಟು ದೂರದ ಊರು, ಆದರೆ ಆಡಳಿತ ಬೇರೆ. ಹಾಗಾಗಿ 'ಶಹಾಪುರ, ಸಾಂಗ್ಲಿ ಸಂಸ್ಥಾನ' ಅಂತ ಏಜೆಂಟನ ವಿಳಾಸ ಕಂಡರೆ ಅದು 1948ಕ್ಕಿಂತ ಮುಂಚಿನದು ಅಂತ ಕಣ್ಣುಮುಚ್ಚಿ ಬರೆದುಕೊಳ್ಳಿ.

ಕಂಪನಿಯ ವಿಳಾಸವನ್ನೂ ನೋಡಿ. ಲಾಹೋರ್ ಅಂತ ಇದ್ದರೆ 1947ಕ್ಕಿಂತ ಹಿಂದೆ. ಕರ್ಪೂರ, ಪುದೀನ ಹೂವು, ಓಮದ ಹೂವು ಸೇರಿಸಿ ಮಾಡುವ ಅಮೃತಧಾರಾ ಅಲ್ಲಿಂದಲೇ ಇಡೀ ದೇಶಕ್ಕೆ ಹೋಗುತ್ತಿತ್ತು. ಅಮೃತಾಂಜನ ಹುಟ್ಟಿದ್ದು ಮುಂಬೈನಲ್ಲಿ, 1893ರಲ್ಲಿ. ಅದನ್ನು ಶುರು ಮಾಡಿದ ಕಾಶೀನಾಥುನಿ ನಾಗೇಶ್ವರರಾವ್ ಮುಂದೆ ಆಂಧ್ರ ಪತ್ರಿಕೆ ಅನ್ನುವ ಪತ್ರಿಕೆಯನ್ನೇ ನಡೆಸಿದರು, ಅಂದರೆ ಔಷಧ ಮಾರುವವನೂ ಪೇಪರ್ ನಡೆಸುವವನೂ ಒಬ್ಬನೇ. ಸಂಗೀತ ಕಚೇರಿಗಳಲ್ಲಿ ಬಂದವರಿಗೆಲ್ಲ ಪುಕ್ಕಟೆ ಹಂಚಿ ಅದನ್ನು ಪರಿಚಯ ಮಾಡಿಸಿದರಂತೆ. ಪಕ್ಕಾ ವ್ಯಾಪಾರಿ ಬುದ್ಧಿ.

ಒಂದು ಎಚ್ಚರ. 'ಸ್ಥಾಪನೆ 1880' ಅಂತ ಜಾಹೀರಾತಿನಲ್ಲಿ ಇದ್ದರೆ ಅದು ಕಂಪನಿಯ ವಯಸ್ಸು, ಪೇಪರಿನದ್ದಲ್ಲ. ಚಿತ್ರವನ್ನೂ ನಂಬಬೇಡಿ. ಲೋಹದ ಅಚ್ಚು ಒಮ್ಮೆ ಮಾಡಿಸಿದರೆ ಅದನ್ನೇ ಎಷ್ಟೋ ವರ್ಷ, ಎಷ್ಟೋ ಪೇಪರಿಗೆ ಕಳಿಸುತ್ತಿದ್ದರು. ಸೀರೆ ಉಟ್ಟ ರೀತಿ, ಕೇಶಶೈಲಿ ನೋಡಿ ಕಾಲ ಹೇಳುವವರು ಇದೇ ಕಾರಣಕ್ಕೆ ತಪ್ಪುತ್ತಾರೆ.

ಬೆಲೆಯ ಗೀಟುಗಳು

'ಬೆಲೆ 1॥=' ಅಂತ ಇದ್ದರೆ ಈಗಿನ ಹುಡುಗರು ಇದೇನೋ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ತಪ್ಪಲ್ಲ. ನಿಂತ ಗೀಟು ಒಂದಕ್ಕೆ ನಾಲ್ಕಾಣೆ. ಎರಡು ನಿಂತರೆ ಎಂಟಾಣೆ, ಮೂರು ನಿಂತರೆ ಹನ್ನೆರಡಾಣೆ. ಮಲಗಿದ ಗೀಟು ಒಂದಕ್ಕೆ ಒಂದಾಣೆ. ಅಂದರೆ ಮೇಲಿನ ಬೆಲೆ ಒಂದು ರೂಪಾಯಿ ಹತ್ತಾಣೆ. ಕೆಲವು ಕಡೆ 1-10-0 ಅಂತ ರೂಪಾಯಿ, ಆಣೆ, ಪೈ ಬೇರೆ ಬೇರೆ ಇರುತ್ತದೆ, ಅದು ಸುಲಭ.

ಲೆಕ್ಕ ಮರೆತವರಿಗೆ: ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ. ಇದು ನಿಂತಿದ್ದು 1957ರ ಏಪ್ರಿಲ್ 1ಕ್ಕೆ, ನಯಾ ಪೈಸೆ ಬಂದಾಗ. ಹಾಗಾಗಿ ಆಣೆ ಇದೆ ಅಂದ ಮಾತ್ರಕ್ಕೆ ಬ್ರಿಟಿಷರ ಕಾಲ ಅಂತ ಹೇಳಲಾಗದು, ಸ್ವಾತಂತ್ರ್ಯ ಬಂದ ಮೇಲೂ ಹತ್ತು ವರ್ಷ ಅದೇ ನಡೆಯಿತು.

ಆ ಬೆಲೆ ಜಾಸ್ತಿಯೋ ಕಡಿಮೆಯೋ ಅಂತ ತಿಳಿಯುವುದು ಹೇಗೆ? ಇವತ್ತಿನ ರೂಪಾಯಿಗೆ ಪರಿವರ್ತನೆ ಮಾಡಲು ಹೋಗಬೇಡಿ, ಅದು ಗೊಂದಲ. ಅದೇ ಹಾಳೆಯಲ್ಲಿ ಪತ್ರಿಕೆಯ ಚಂದಾ ಬೆಲೆ ಇದ್ದರೆ ಅದರ ಜೊತೆ ಹೋಲಿಸಿ. ಜೋಳದ ಧಾರಣೆ ಇದ್ದರೆ ಇನ್ನೂ ಒಳ್ಳೆಯದು. ಒಂದು ಸೀಸೆ ತಲೆಎಣ್ಣೆಗೆ ಎಷ್ಟು ಸೇರು ಜೋಳ ಅಂತ ಲೆಕ್ಕ ಹಾಕಿದರೆ ಅದನ್ನು ಯಾರು ಕೊಳ್ಳುತ್ತಿದ್ದರು ಅನ್ನುವುದು ತಾನೇ ಗೊತ್ತಾಗುತ್ತದೆ. ಹೊಲದಲ್ಲಿ ಕೂಲಿ ಮಾಡುವವನಂತೂ ಅಲ್ಲ. ವಕೀಲರು, ಮಾಸ್ತರರು, ಮಾಮಲೇದಾರ ಕಚೇರಿಯ ಕಾರಕೂನರು, ಪೇಟೆಯ ಸಾಹುಕಾರರು.

ವಿ.ಪಿ. ಮತ್ತು ರೈಲು

ಇಡೀ ಧಂದೆ ನಿಂತಿದ್ದು ಟಪಾಲಿನ ಮೇಲೆ. ವಿ.ಪಿ., ಅಂದರೆ ಸಾಮಾನು ಕೈಗೆ ಬಂದಾಗ ದುಡ್ಡು ಕೊಡುವ ಪದ್ಧತಿ ಬಂದಿದ್ದು 1877ರಲ್ಲಿ, ಟಪಾಲು ಕಚೇರಿಯ ಮನಿಆರ್ಡರ್ 1880ರಲ್ಲಿ. ಅಲ್ಲಿಂದ ಆಟವೇ ಬದಲಾಯಿತು. ಅಥಣಿಯಲ್ಲೋ ಇಳಕಲ್ಲಿನಲ್ಲೋ ಕೂತವರು ಒಂದು ಕಾರ್ಡು ಬರೆದರೆ ಕಲಕತ್ತೆಯ ಜಬಾಕುಸುಮ ಎಣ್ಣೆಯ ಸೀಸೆ ಮನೆ ಬಾಗಿಲಿಗೆ ಬರುತ್ತದೆ, ದುಡ್ಡು ಟಪಾಲಿನವನ ಕೈಗೆ. ಅಂಗಡಿಯವನ ಮುಂದೆ ನಿಂತು ಕೇಳಲು ನಾಚಿಕೆ ಆಗುವ ಔಷಧಗಳಿಗಂತೂ ಇದು ವರವೇ ಆಯಿತು. ಜಾಮನಗರದ ಆತಂಕ ನಿಗ್ರಹ ಗುಳಿಗೆಯಂಥವು ಇಡೀ ದೇಶದ ಭಾಷಾ ಪತ್ರಿಕೆಗಳಲ್ಲಿ ತುಂಬಿಕೊಂಡಿದ್ದಕ್ಕೆ ಇದೂ ಒಂದು ಕಾರಣ. 'ಪತ್ರವ್ಯವಹಾರ ಗುಪ್ತವಾಗಿ ಇಡಲಾಗುವುದು' ಅನ್ನುವ ಧಾಟಿಯ ಸಾಲು ಎಲ್ಲಾದರೂ ಇದ್ದರೆ ಯಾವ ಕಾಯಿಲೆಯ ಔಷಧ ಅಂತ ಮೇಲೆ ಓದುವುದೇ ಬೇಡ.

ರೈಲಿನ ಹೆಸರನ್ನೂ ಹುಡುಕಿ. ಬೆಳಗಾವಿ, ವಿಜಾಪುರಕ್ಕೆ ರೈಲು ಬಂದಿದ್ದು 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆಯಿಂದ. ಅದು 1908ರಲ್ಲಿ ಮದ್ರಾಸ್ ಕಂಪನಿಯ ಜೊತೆ ಸೇರಿ 'ಎಂ.ಎಸ್.ಎಂ.' ಆಯಿತು, 1951ರಲ್ಲಿ ಸದರ್ನ್ ರೈಲ್ವೆಯೊಳಗೆ ಹೋಯಿತು. ದೊಡ್ಡ ಸಾಮಾನಿನ ಜಾಹೀರಾತಿನಲ್ಲಿ 'ರೈಲ್ವೆ ಸ್ಟೇಶನ್ ತಿಳಿಸಿರಿ' ಅಂತಲೂ ಇರುತ್ತದೆ.

ಏಜೆಂಟರ ಪಟ್ಟಿ ಸಿಕ್ಕರೆ ಅದನ್ನು ಪೂರ್ತಿ ಬರೆದುಕೊಳ್ಳಿ. ಬೆಳಗಾವಿ, ನಿಪ್ಪಾಣಿ, ಗೋಕಾಕ, ಬಾಗಲಕೋಟೆ ಅಂತ ಸಾಲಾಗಿ ಅಂಗಡಿ ಹೆಸರುಗಳಿರುತ್ತವೆ. ಯಾವ ಗಲ್ಲಿಯಲ್ಲಿ ಯಾರ ಅಂಗಡಿ ಇತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ದಾಖಲೆ ಎಷ್ಟೋ ಸಲ ಬೇರೆ ಇರುವುದಿಲ್ಲ. ಊರಿನ ಹಿರಿಯರಿಗೆ ಹೆಸರು ಓದಿ ಹೇಳಿ, 'ಹೌದ್ರೀ, ಆ ಅಂಗಡಿ ಗಣಪತ್ ಗಲ್ಲಿ ಮೂಲ್ಯಾಗ ಇತ್ತು' ಅಂತ ಶುರು ಮಾಡುತ್ತಾರೆ, ಆಮೇಲೆ ನಿಲ್ಲಿಸುವುದು ಕಷ್ಟ.

ಈಗ ಔಷಧದ ಮಾತು

ಸುಮ್ನೆ ನಕ್ಕು ಬಿಡುವಂಥದ್ದಲ್ಲ ಇದು. ಆಗ ಜನ ಹೆದರುವುದಕ್ಕೆ ಕಾರಣ ಇತ್ತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಮುಂದಿನ ಎರಡು ವರ್ಷದಲ್ಲಿ ಬೆಳಗಾವಿ, ಧಾರವಾಡದ ಕಡೆಗೂ ಹಬ್ಬಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಖಾನಾಪುರದ ಕಡೆ ಕಾಡಿನ ಅಂಚಿನಲ್ಲಿ ಚಳಿಜ್ವರ ಇದ್ದೇ ಇತ್ತು. ಸರ್ಕಾರ ಕ್ವಿನೈನ್ ಪೊಟ್ಟಣಗಳನ್ನು ಟಪಾಲು ಕಚೇರಿಯಲ್ಲೇ ಮಾರಿಸುತ್ತಿತ್ತು, 1892ರಲ್ಲಿ ಬಂಗಾಳದಲ್ಲಿ ಶುರುವಾದ ಪದ್ಧತಿ ಅದು. ದವಾಖಾನೆ ದೂರ, ಡಾಕ್ಟರು ಕಡಿಮೆ. ಅಂಥ ಹೊತ್ತಲ್ಲಿ 'ಎಲ್ಲಾ ಜ್ವರಕ್ಕೂ ಒಂದೇ ಮದ್ದು' ಅಂದರೆ ಯಾರು ಕಾರ್ಡು ಬರೆಯುವುದಿಲ್ಲ ಹೇಳಿ?

ಆದ್ದರಿಂದ ಔಷಧದ ಜಾಹೀರಾತು ಓದುವಾಗ ಕಾಯಿಲೆಗಳ ಪಟ್ಟಿ ಮಾಡಿ. ಒಂದೇ ಸೀಸೆ ಎಷ್ಟು ರೋಗಕ್ಕೆ ಅಂತ ಎಣಿಸಿ. ಪಟ್ಟಿ ಉದ್ದವಾದಷ್ಟೂ ಔಷಧದ ಬಗ್ಗೆ ನಿಮ್ಮ ನಂಬಿಕೆ ಕಡಿಮೆ ಆಗಲಿ, ಆದರೆ ಆ ಪಟ್ಟಿಯ ಬಗ್ಗೆ ಕುತೂಹಲ ಹೆಚ್ಚಾಗಲಿ. ಆ ಊರಿನ ಜನಕ್ಕೆ ಯಾವುದರ ಚಿಂತೆ ಇತ್ತು ಅನ್ನುವುದು ಅಲ್ಲೇ ಇದೆ.

ಒಳಗೆ ಏನಿತ್ತು ಅನ್ನುವುದು ಬೇರೆ ಕತೆ. ವಿಲಾಯತಿ ಮಾಲು ಅಂದರೆ ಒಳ್ಳೆಯದು ಅಂತ ತಿಳಿಯುವ ಕಾಲ ಅದು. ಬೀಚಮ್ಸ್ ಪಿಲ್ಸ್ ಅನ್ನುವ ಗುಳಿಗೆ ಲೋಕಪ್ರಸಿದ್ಧ. ಅದನ್ನು ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ 1909ರಲ್ಲಿ ಪರೀಕ್ಷೆ ಮಾಡಿಸಿದಾಗ ಸಿಕ್ಕಿದ್ದು ಲೋಳೆಸರದ ಸಾರ, ಶುಂಠಿ ಮತ್ತು ಸಾಬೂನು. ಒಳಗಿನ ಸಾಮಾನಿನ ಖರ್ಚಿಗೆ ಮಾರಾಟದ ಬೆಲೆ ನೂರು ಪಟ್ಟಿಗೂ ಮೇಲೆ! ಕಾಲರಾಕ್ಕೆ ಅಂತ ಹೆಸರಾದ ಕ್ಲೋರೋಡೈನ್ ಭಾರತದಲ್ಲಿದ್ದ ಸೇನೆಯ ವೈದ್ಯ ಕಾಲಿಸ್ ಬ್ರೌನ್ ಮಾಡಿದ್ದು. ಅದರಲ್ಲಿ ಅಫೀಮು, ಗಾಂಜಾ, ಕ್ಲೋರೋಫಾರ್ಮ್ ಮೂರೂ ಇದ್ದವು. ನೋವು ನಿಲ್ಲದೇ ಇರುತ್ತದೆಯೇ? ಮಕ್ಕಳ ಗ್ರೈಪ್ ವಾಟರಿನಲ್ಲಿ ಮೊದಲು ಮದ್ಯಸಾರ ಇತ್ತು. ನಮ್ಮವರೇನೂ ಕಡಿಮೆ ಇಲ್ಲ, ಮುಂಬೈ ಗಿರಣಿ ಕೆಲಸಕ್ಕೆ ಹೋಗುವ ತಾಯಂದಿರು ಕೂಸು ಮಲಗಲಿ ಅಂತ ಕೊಡುತ್ತಿದ್ದ ಬಾಳಾಗೋಳಿಯಲ್ಲೂ ಅಫೀಮೇ.

ಹಾಗಂತ ಎಲ್ಲವೂ ಮೋಸ ಅನ್ನುವುದೂ ಸರಿಯಲ್ಲ. ಕರ್ಪೂರ, ಪುದೀನ ಹೂವಿನ ಮುಲಾಮು ಹಚ್ಚಿದರೆ ತಲೆಗೆ ಹಗುರ ಅನಿಸುವುದು ನಿಜ, ಇವತ್ತಿಗೂ ಹಚ್ಚುತ್ತೇವೆ. ಬೆಳಗಾವಿಯ ಶಹಾಪುರದಲ್ಲಿ 1933ರಲ್ಲಿ ಆಯುರ್ವೇದ ಕಾಲೇಜು ಶುರುವಾದಾಗ ಅಲ್ಲಿ ಕಲಿಸಿದ್ದು ಶಾಸ್ತ್ರ, ಪೇಪರಿನಲ್ಲಿ ಮಾರಿದ್ದು ಸೀಸೆ. ಎರಡನ್ನೂ ಒಂದೇ ಅಂತ ನೋಡಬೇಡಿ.

ಅಂದಹಾಗೆ, ಮನೆಯ ಅಟ್ಟದಲ್ಲಿ ಆ ಕಾಲದ ಸೀಸೆಯೇ ಸಿಕ್ಕರೆ, ಒಳಗೆ ಏನಾದರೂ ಉಳಿದಿದ್ದರೆ, ಮೂಸಿ ನೋಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಪಾದರಸ, ಪಾಷಾಣ ಇರುವ ಔಷಧಗಳು ಆಗ ಮಾಮೂಲು. ಜಾಹೀರಾತಿನಲ್ಲಿರುವ ಪಾಕವನ್ನು ಮನೆಯಲ್ಲಿ ಮಾಡಲು ಹೋಗುವುದೂ ಬೇಡ.

ಕಾನೂನು ಬಂದಿದ್ದು ತಡವಾಗಿ. 1930ರಲ್ಲಿ ಔಷಧಗಳ ವಿಚಾರಣೆಗೆ ಚೋಪ್ರಾ ಸಮಿತಿ ನೇಮಿಸಿದರು, ಔಷಧ ಕಾಯ್ದೆ ಬಂದಿದ್ದು 1940ರಲ್ಲಿ, ಜಾಹೀರಾತಿನ ಬಾಯಿಗೆ ಬೀಗ ಹಾಕಿದ ಕಾಯ್ದೆ 1954ರಲ್ಲಿ. ಮಧುಮೇಹ ಗುಣ ಮಾಡುತ್ತೇವೆ, ಪುರುಷತ್ವ ಹೆಚ್ಚಿಸುತ್ತೇವೆ ಅಂತ ಜಾಹೀರಾತು ಕೊಡುವುದು ಅಲ್ಲಿಂದ ಅಪರಾಧ. ನಿಂತಿದೆಯಾ ಅಂತ ಕೇಳಬೇಡಿ, ಗೋಡೆಗಳನ್ನು ನೋಡಿ.

ಮನೆ ಸಾಮಾನು

ಇದರಲ್ಲಿ ನಮ್ಮ ಬೆಳಗಾವಿಗೇ ಹೆಮ್ಮೆಯ ಜಾಗ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಹತ್ತಿರವೂ ಬರಲಿಲ್ಲ, ಮೊದಲ ನೇಗಿಲು ಮಾರಾಟ ಆಗಲು ಎರಡು ವರ್ಷ ಹಿಡಿಯಿತು ಅನ್ನುತ್ತಾರೆ. 1910ರಲ್ಲಿ ಕಾರಖಾನೆ ಔಂಧ ಸಂಸ್ಥಾನದ ಕಿರ್ಲೋಸ್ಕರವಾಡಿಗೆ ಹೋಯಿತು. ಹಾಗಾಗಿ ಕಿರ್ಲೋಸ್ಕರ್ ಜಾಹೀರಾತಿನಲ್ಲಿ ಕಾರಖಾನೆ ಬೆಳಗಾವಿ ಅಂತ ಇದ್ದರೆ ಅದು 1910ರ ಒಳಗಿನದು, ಜೋಪಾನ ಮಾಡಿ.

ಸಾಬೂನಿನದು ಸ್ವದೇಶಿ ಜಗಳ. ವಿಲಾಯತಿ ಸನ್‌ಲೈಟ್ 1888ಕ್ಕೇ ಬಂದಿತ್ತು. 1905ರ ನಂತರ 'ಸ್ವದೇಶಿ' ಅನ್ನುವುದೇ ಜಾಹೀರಾತಿನ ದೊಡ್ಡ ಅಕ್ಷರ ಆಯಿತು. ಚರಬಿ ಇಲ್ಲದ ಸಾಬೂನು ಅಂತ ಗೋದ್ರೆಜ್ ಬಂದಾಗ ಮಡಿ ಮನೆಗಳಿಗೂ ಸಾಬೂನು ಒಳಗೆ ಹೋಗಲು ದಾರಿ ಆಯಿತು. 1941ರಲ್ಲಿ ಲಕ್ಸ್ ಜಾಹೀರಾತಿಗೆ ಬಂದ ಮೊದಲ ಭಾರತೀಯ ತಾರೆ ಲೀಲಾ ಚಿಟ್ನಿಸ್, ಆಕೆ ಹುಟ್ಟಿದ್ದು ನಮ್ಮ ಪಕ್ಕದ ಧಾರವಾಡದಲ್ಲಿ. ಡಾಲ್ಡಾ ಡಬ್ಬಿ ಕಂಡರೆ 1937ರ ನಂತರ, ಬರ್ಮಾ ಶೆಲ್ ಸೀಮೆಎಣ್ಣೆ ಕಂಡರೆ 1928ರ ನಂತರ. ಕಂದೀಲು, ಹೊಲಿಗೆ ಯಂತ್ರ, ಜೇಬು ಗಡಿಯಾರ ಇವೆಲ್ಲ ಎಷ್ಟೋ ವರ್ಷ ಬಂದಿರುವುದರಿಂದ ಅವುಗಳಿಂದ ಕಾಲ ಹಿಡಿಯುವುದು ಕಷ್ಟ.

ಒಂದು ಸಲ ಮಾಡಿ ನೋಡೋಣ

ಇಂಥ ಒಂದು ತುಣುಕು ಸಿಕ್ಕಿದೆ ಅಂತ ಇಟ್ಟುಕೊಳ್ಳಿ. ಮೇಲೆ ಹಾವಿನ ಚಿತ್ರ, 'ಸರ್ವರೋಗ ಸಂಜೀವಿನಿ'. ಕಂಪನಿ ಲಾಹೋರಿನದು. ಬೆಲೆ '1॥-'. ಏಜೆಂಟರು ಶಹಾಪುರ, ಸಾಂಗ್ಲಿ ಸಂಸ್ಥಾನ. ಡಜನ್ ತೆಗೆದುಕೊಂಡರೆ ಎಂ.ಎಸ್.ಎಂ. ರೈಲ್ವೆಯ ಯಾವ ಸ್ಟೇಶನ್ನಿಗಾದರೂ ಪಾರ್ಸಲ್ ಪುಕ್ಕಟೆ. ಪೇಪರಿನ ಹೆಸರಿಲ್ಲ, ತಾರೀಖಿಲ್ಲ. ಹಿಂದೆ ತಿರುವಿದರೆ ಪಂಚಾಂಗದ ಒಂದು ಸಾಲು, 'ರುಧಿರೋದ್ಗಾರಿ ಸಂವತ್ಸರ' ಅಂತ, ಶಕೆಯ (ಶಾಲಿವಾಹನ ಶಕ ವರ್ಷದ) ಅಂಕಿ ಹರಿದಿದೆ.

ರೈಲಿನಿಂದ 1908ರಿಂದ 1951. ಶಹಾಪುರದಿಂದ 1948ರ ಒಳಗೆ. ಲಾಹೋರಿನಿಂದ 1947ರ ಒಳಗೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗುತ್ತದೆ, ರುಧಿರೋದ್ಗಾರಿ ಬಂದಿದ್ದು 1863, 1923, 1983ರಲ್ಲಿ. ನಮ್ಮ ಲೆಕ್ಕದೊಳಗೆ ಬರುವುದು ಒಂದೇ. 1923ರ ಯುಗಾದಿಯಿಂದ 1924ರ ಯುಗಾದಿಯ ತನಕ. ಶಕೆಯ ಅಂಕಿ ಉಳಿದಿದ್ದರೆ ಇಷ್ಟು ಕಷ್ಟವೇ ಇರಲಿಲ್ಲ, 78 ಕೂಡಿಸಿದರೆ ಮುಗಿಯಿತು. 1845ಕ್ಕೆ 78 ಸೇರಿದರೆ 1923. ಹಾವಿನ ಚಿತ್ರದಿಂದ ಏನೂ ಸಿಗಲಿಲ್ಲ ನೋಡಿ.

ಜೋಡಿ ಹುಡುಕುವುದು

ನಿಮ್ಮ ತುಣುಕಿನ ಪೂರ್ತಿ ರೂಪ ಬೇರೆ ಪೇಪರಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಕನ್ನಡದಲ್ಲಿ ಮಾತ್ರ ಹುಡುಕಿದರೆ ಸಾಲದು. ಈ ಭಾಗದ ಓದು ಬರಹ ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ನಡೆಯಿತು, ಪುಣೆಯ ಕೇಸರಿ ಇಲ್ಲಿಗೂ ಬರುತ್ತಿತ್ತು, ಬೆಳಗಾವಿಯದೇ ಆದ ಮರಾಠಿಯ ತರುಣ ಭಾರತ 1919ರಲ್ಲಿ ಶುರುವಾಯಿತು. ಬಾಲಬೋಧ, ಅಂದರೆ ಮರಾಠಿಯ ದೇವನಾಗರಿ ಲಿಪಿ ಓದಲು ಬಾರದಿದ್ದರೆ ಬರುವವರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಕನ್ನಡದಲ್ಲಿ ವಿಜಾಪುರದ ಕರ್ನಾಟಕ ವೈಭವ, ಮೊದಲು ಬೆಳಗಾವಿಯಿಂದ ಹೊರಟ ಸಂಯುಕ್ತ ಕರ್ನಾಟಕ, ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ತಮ್ಮದೇ ಮುದ್ರಣಾಲಯ ಇಟ್ಟು 1926ರಲ್ಲಿ ತಂದ ಶಿವಾನುಭವ, 1927ರ ನವಕರ್ನಾಟಕ ಇವುಗಳ ಹಳೇ ಸಂಪುಟ ಕೇಳಿ. ಬೆಳಗಾವಿಯ ಸಾರ್ವಜನಿಕ ವಾಚನಾಲಯ, ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರ, ಧಾರವಾಡದ ವಿದ್ಯಾವರ್ಧಕ ಸಂಘ, ಇವು ಮೊದಲು ಬಾಗಿಲು ತಟ್ಟಬೇಕಾದ ಜಾಗಗಳು. ಬೈಂಡ್ ಮಾಡಿಸುವಾಗ ಜಾಹೀರಾತಿನ ಹಾಳೆಗಳನ್ನು ಕಿತ್ತು ಹಾಕಿರುವುದೂ ಉಂಟು, ಆದ್ದರಿಂದ ಬಿಡಿ ಸಂಚಿಕೆ ಇದೆಯಾ ಅಂತ ಬೇರೆಯಾಗಿ ಕೇಳಿ.

ಗಾಂಧೀಜಿಯ ಯಂಗ್ ಇಂಡಿಯಾ, ನವಜೀವನ ತೆರೆದು ಕೂರಬೇಡಿ. 1924ರ ಬೆಳಗಾವಿ ಕಾಂಗ್ರೆಸ್ಸಿನ ವರ್ಷ ಅಂತ ಆಸೆಯಿಂದ ಹುಡುಕುವವರಿದ್ದಾರೆ, ಆದರೆ ಗಾಂಧೀಜಿ ತಮ್ಮ ಪತ್ರಿಕೆಗಳಲ್ಲಿ ಜಾಹೀರಾತು ಹಾಕುತ್ತಲೇ ಇರಲಿಲ್ಲ. ಅದಕ್ಕಿಂತ ರದ್ದಿ ಅಂಗಡಿಯವನಿಗೆ ಒಂದು ಮಾತು ಹೇಳಿಡಿ, ಕಿರ್ದಿ ಪುಸ್ತಕ ಬಂದರೆ ತೂಕಕ್ಕೆ ಹಾಕುವ ಮೊದಲು ಹೊದಿಕೆ ಬಿಚ್ಚಿ ಇಟ್ಟಿರಲಿ ಅಂತ.